ಊಟದ ಹೊತ್ತಲ್ಲಿ ಇಳಿದ ತೋಳು

ಜೂನ್ 6

ಅಕ್ಕಾ,

ಭಾನುವಾರ ಫೋನಲ್ಲಿ ನೀನು ಮೇಸ್ತ್ರಿ ಲಾರಿ ತಗೋತೀವಿ ಅಂದಾಗಿಂದ ತಲೆ ಕೆಟ್ಟುಹೋಗಿದೆ. ಕೂಗಾಡಿ ಕಟ್ ಮಾಡಿಬಿಟ್ಟೆ, ಬೇಜಾರು ಮಾಡ್ಕೋಬೇಡ. ಈ ಸೈಟಲ್ಲಿ ಬೆಳಿಗ್ಗೆ ಗೇಟಲ್ಲೇ ಫೋನ್ ಇಸ್ಕೊಂಡುಬಿಡ್ತಾರೆ. ಸಂಜೆ ವಾಪಸ್ ಕೊಟ್ಟಾಗ ಮಾತಾಡೋಣ ಅಂದ್ರೆ ರೂಮಲ್ಲಿರೋರೆಲ್ಲ ಕಿವಿ ನೆಟ್ಟಗೆ ಮಾಡ್ಕೊಂಡು ಕೂತಿರ್ತಾರೆ. ನೀನು ಹೇಳಿದ ಹಾಗೆ ಕಾಗದ ಬರೆಯೋದೇ ವಾಸಿ. ಬರೀವಾಗ ಕೂಗಾಡೋಕಾಗಲ್ವಲ್ಲ.

ಮಡಚೋ ಕ್ರೇನ್ ಇರೋ ಲಾರಿ ತಗೋಬೇಕು ಅನ್ನೋ ಯೋಚನೆ ಏನೋ ಸರಿಯಾಗೇ ಇದೆ. ನಿಮ್ಮ ಯಾರ್ಡಿಗೆ ಹೇಳಿ ಮಾಡಿಸಿದ ಹಾಗಿದೆ. ಈಗ ನೀವು ಸಿಮೆಂಟ್ ರಿಂಗನ್ನ ಒಂದು ಲಾರಿಯಲ್ಲಿ ಕಳಿಸ್ತೀರ, ಇಳಿಸೋಕೆ ಬಾಡಿಗೆ ಕ್ರೇನಿಗೆ ಕಾಯ್ತೀರ. ಅದು ಬರ್ಲಿಲ್ಲ ಅಂದ್ರೆ ಹಲಗೆ ಇಟ್ಟು ಉರುಳಿಸ್ತೀರ. ಹೋದ ತಿಂಗಳು ಹಾಗೇ ಉರುಳಿದ ರಿಂಗು ನಿಮ್ಮ ಕೆಲಸದವನ ಪಾದದ ಮೇಲೆ ಹೋಯ್ತು ಅಂದೆ. ಈ ಕ್ರೇನಿಗೆ ಆ ರಗಳೆ ಇಲ್ಲ. ತೋಳು ನಮ್ಮ ಮೊಣಕೈ ಹಾಗೆ ಮಡಚ್ಕೊಂಡು ಕ್ಯಾಬಿನ್ ಹಿಂದೆ ಮುದುರಿ ಕೂರುತ್ತೆ. ಹಿಂದಿನ ಜಾಗ ಪೂರ್ತಿ ಖಾಲಿ. ತುಂಬೋದೂ ಅದೇ, ಹೊರೋದೂ ಅದೇ, ಇಳಿಸೋದೂ ಅದೇ. ನೆಟ್ಟಗಿನ ತೋಳಿನ ಕ್ರೇನು ಮೇಲೆದ್ದು ನಿಂತ್ರೆ ಓಣಿಯಲ್ಲಿ ಕರೆಂಟ್ ತಂತಿ ಮುಟ್ಟುತ್ತೆ. ಇದು ತಗ್ಗಲ್ಲೇ ಚಾಚಿ, ಕಾಂಪೌಂಡ್ ಗೋಡೆ ದಾಟಿ, ಅಲ್ಲಿ ಮೊಣಕೈ ಬಗ್ಗಿಸಿ ಆಚೆ ಇಡುತ್ತೆ. ಉದ್ದದ ಹಗ್ಗ ಇಲ್ಲ, ಲೋಡು ತೂಗಾಡಲ್ಲ. ರಿಮೋಟ್ ಪೆಟ್ಟಿಗೆ ಕುತ್ತಿಗೆಗೆ ಹಾಕ್ಕೊಂಡು ಲೋಡ್ ಎಲ್ಲಿ ಕೂರಬೇಕೋ ಅಲ್ಲಿಗೇ ನಡೆದು ಹೋಗಿ ಕಣ್ಣಾರೆ ನೋಡ್ಕೊಂಡು ಇಳಿಸಬಹುದು. ಇಲ್ಲಿ ನಾನು ಓಡಿಸೋದೂ ಇಂಥದ್ದೇ. ಮೊನ್ನೆ ಒಂದು ಪಂಪನ್ನ ಬಾಗಿಲ ಒಳಗಿಂದ ತೂರಿಸಿ ಶೆಡ್ಡೊಳಗೆ ಇಟ್ಟೆ, ಚೌಕಟ್ಟಿಗೆ ಒಂದು ಗೀರಿಲ್ಲ. ಫೋರ್‌ಮನ್ ಏನೂ ಅನ್ಲಿಲ್ಲ. ಆತ ಏನೂ ಅನ್ಲಿಲ್ಲ ಅಂದ್ರೆ ಅದೇ ಶಭಾಷ್‌ಗಿರಿ.

ಇಷ್ಟೆಲ್ಲ ಒಳ್ಳೇದಿರೋ ಲಾರಿನ ಮೇಸ್ತ್ರಿ ಯಾಕೆ ಮಾರ್ತಾನೆ? ಅದೂ ನಿಮಗೇ ಯಾಕೆ? ನಾನು ಅವನ ಹತ್ರ ಎರಡು ವರ್ಷ ಕೆಲಸ ಮಾಡಿದೀನಿ. ಆ ಲಾರಿಯ ಗಾಜನ್ನ ಬೇರೆ ಬಟ್ಟೆಯಲ್ಲಿ ಒರೆಸಿದ್ರೆ ಅರ್ಧ ದಿನ ಮಾತು ಬಿಡ್ತಿದ್ದ. ಅಂಥವನು ಅದನ್ನ ಕೈಬಿಡ್ತಾನೆ ಅಂದ್ರೆ ಒಳಗೆ ಏನೋ ಹಾಳಾಗಿದೆ. ನಾನು ಹೇಳ್ದೆ ಕೇಳ್ದೆ ಬಿಟ್ಟು ಬಂದಿದ್ದಕ್ಕೆ ಸೇಡು ತೀರಿಸ್ಕೊಳ್ತಿದಾನೋ ಏನೋ.

ಮೊಣಕೈ ಕೀಲಿನ ಹತ್ರ ಸರಿಯಾಗಿ ನೋಡಿ ಬರಿ. ಭಾವನಿಗೆ ನೋಡೋಕೆ ಹೇಳಬೇಡ. ಅವರಿಗೆ ಹೊಸ ಟೈರ್ ಕಂಡ್ರೆ ಸಾಕು, ಬೇರೇನೂ ಕಾಣಲ್ಲ.

ನಿನ್ನ ತಮ್ಮ


ಜೂನ್ 17

ಲೋ ತಮ್ಮ,

ನಿನ್ನ ಕಾಗದ ನಿಮ್ಮ ಭಾವನೇ ಮೊದಲು ಒಡೆದು ಓದಿದ್ರು. ಟೈರಿನ ಮಾತು ಓದಿ ಮುಖ ಊದಿಸ್ಕೊಂಡ್ರು, ಆಮೇಲೆ ಹೋಗಿ ಮತ್ತೆ ಟೈರೇ ನೋಡ್ತಾ ನಿಂತ್ರು. ಇನ್ನೂ ತಗೊಳ್ದೇ ಇರೋ ಲಾರಿಗೆ ಜಾಗ ಮಾಡೋಕೆ ನನ್ನ ಬಟ್ಟೆ ಒಣಹಾಕೋ ತಂತಿ ಬಿಚ್ಚಿ ಸುತ್ತಿಟ್ಟಿದಾರೆ. ಈಗ ಒದ್ದೆ ಬಟ್ಟೆಯೆಲ್ಲ ಆಫೀಸ್ ಕುರ್ಚಿ ಮೇಲೆ.

ಮೇಸ್ತ್ರಿಯವರು ಲಾರಿನ ದಿನಾ ಬೆಳಿಗ್ಗೆ ತಂದು ನಮ್ಮ ಯಾರ್ಡಲ್ಲೇ ಕೆಲಸ ಮಾಡಿ ತೋರಿಸ್ತಿದಾರೆ. ನಾನು ಪಕ್ಕದಲ್ಲೇ ನಿಂತು ನೋಡ್ತೀನಿ. ಬಲು ನಿಧಾನ. ಒಂದು ಕೈ ಗೋಡೆ ಮೇಲಿಟ್ಟು ನಿಂತೇ ಇಳಿಸ್ತಾರೆ. ಆದ್ರೆ ರಿಂಗು ಮೊಟ್ಟೆ ಇಟ್ಟ ಹಾಗೆ ಕೂರುತ್ತೆ. ಯಾಕೆ ಮಾರ್ತಿದೀರ ಅಂತ ಕೇಳ್ದೆ. "ಸಾಕಾಯ್ತಮ್ಮ" ಅಂದ್ರು. ನಿನ್ನ ಬಗ್ಗೆ ಒಂದೇ ಸಲ ಕೇಳಿದ್ರು, "ಅವನು ಈಗ ಏನು ಓಡಿಸ್ತಾನೆ?" ಅಂತ. ನಾನು ಹೇಳ್ದೆ. ತಲೆ ಆಡಿಸಿ ಆಚೆ ಹೋದ್ರು.

ನೀನು ಹೇಳಿದಲ್ಲಿ ನೋಡ್ದೆ. ಮೊಣಕೈ ಹತ್ರ ಹೊಸ ಬಣ್ಣ ಇದೆ. ಉಳಿದ ತೋಳೆಲ್ಲ ಹಳೇ ಬಣ್ಣ.

ಇನ್ನೊಂದು ವಿಷಯ. ಓಣಿಗಳಲ್ಲಿ ಒಳಚರಂಡಿ ಹಾಕೋ ಗುತ್ತಿಗೆದಾರ ನಮ್ಮ ರಿಂಗು ನೋಡಿ ಒಪ್ಕೊಂಡಿದಾನೆ. ಆದ್ರೆ ಮನೆ ಹಿಂದುಗಡೆ ಗುಂಡಿಗೆ ನಾವೇ ಇಳಿಸಿ ಕೊಡಬೇಕಂತೆ. ಆಗಸ್ಟ್ ಅರ್ಧದೊಳಗೆ ಲಾರಿ ತೋರಿಸದಿದ್ರೆ ಆಚೆ ಬೀದಿ ಯಾರ್ಡಿನೋರಿಗೆ ಹೋಗುತ್ತೆ. ಅವರಿಗೆ ಹೋದ್ರೆ ನಾವು ಈ ವರ್ಷ ಬಾಗಿಲು ಹಾಕಿದ ಹಾಗೇ. ಮತ್ತೆ ಹಲಗೆ ಇಟ್ಟು ಉರುಳಿಸೋಕೆ ನಾನು ಬಿಡಲ್ಲ. ಆ ಹುಡುಗ ಇನ್ನೂ ಕುಂಟ್ತಾ ಬರ್ತಾನೆ, ಅವನ ಮುಖ ನೋಡೋಕಾಗಲ್ಲ ನಂಗೆ.

ನೀನು ಅವರನ್ನ ಬಿಟ್ಟಿದ್ದು ಯಾಕೆ ಅಂತ ಇವತ್ತಿನವರೆಗೂ ಹೇಳಿಲ್ಲ. ಮತ್ತೆ, ಅವನು ಇವನು ಅಂತ ಬರೀಬೇಡ. ನಿನಗೆ ಕೆಲಸ ಕಲಿಸಿದೋರು.

ಲಾರಿ ತಗೊಂಡ್ರೆ ಓಡಿಸೋಕೆ ಯಾರಾದ್ರೂ ಬೇಕು. ನಾನು ಯಾರಿಗೂ ಏನೂ ಹೇಳ್ತಿಲ್ಲ.

ಅಕ್ಕ


ಜೂನ್ 25

ಅಕ್ಕಾ,

ಹೊಸ ಬಣ್ಣ. ನಾನು ಏನು ಹೇಳ್ದೆ? ಕ್ರೇನಿಗೆ ಯಾರೂ ಅಂದಕ್ಕೆ ಅಂತ ಮೊಣಕೈಗೆ ಮಾತ್ರ ಬಣ್ಣ ಬಳಿಯಲ್ಲ. ಏನೋ ಮುಚ್ಚೋಕೇ ಬಳೀತಾರೆ. ಬಿರುಕು ಬಿಟ್ಟು ವೆಲ್ಡಿಂಗ್ ಮಾಡಿರಬೇಕು, ಇಲ್ಲಾ ಎಣ್ಣೆ ಸೋರಿ ಕಲೆ ಆಗಿರಬೇಕು.

ಕಲಿಸಿದ ಅಂದ್ಯಲ್ಲ, ಏನು ಕಲಿಸಿದ ಕೇಳು. ಲಾರಿ ಅಲ್ಲಾಡದ ಹಾಗೆ ಅದರ ಕಾಲು ಊರೋವಾಗ ಕೆಳಗೆ ಹಲಗೆ ಹಾಕು, ಲೋಡಿಗೆ ಬೆಲ್ಟು ಕಟ್ಟು, ಲೋಡ್ ಪಕ್ಕ ನಿಂತ್ಕೋ. ಅಷ್ಟೇ. ರಿಮೋಟ್ ಪೆಟ್ಟಿಗೆ ಒಂದು ದಿನ, ಒಂದೇ ಒಂದು ದಿನ ನನ್ನ ಕೈಗೆ ಕೊಡ್ಲಿಲ್ಲ. ಅವನು ದೂರದಲ್ಲಿ ನಿಂತು "ಎಷ್ಟು?" ಅನ್ನೋನು. ನಾನು "ಒಂದು ಮೊಳ" ಅಂತ ಕೂಗಬೇಕು. ಮತ್ತೆ "ಎಷ್ಟು?" "ಒಂದು ಗೇಣು." "ಎಷ್ಟು?" "ನಾಲ್ಕು ಬೆರಳು." ಗಿಳಿಗೆ ಪಾಠ ಹೇಳಿಸಿದ ಹಾಗೆ. ಕಣ್ಣೆದುರಿಗೇ ಕಾಣೋದನ್ನ ನನ್ನ ಬಾಯಲ್ಲಿ ಹೇಳಿಸಿ ಮಜಾ ತಗೋತಿದಾನೆ ಅನ್ಸೋದು. ನನಗಿಂತ ಆಮೇಲೆ ಬೇರೆ ಕಡೆ ಸೇರಿದೋರೆಲ್ಲ ಪೆಟ್ಟಿಗೆ ಹಿಡಿದ್ರು. ಕೇಳ್ದಾಗೆಲ್ಲ "ನಿಂಗೆ ಇನ್ನೂ ಕಾಲ ಇದೆ" ಅಂತಿದ್ದ. ಒಂದಿನ ಬೆಲ್ಟು ಬಿಚ್ಚಿ ಅಲ್ಲೇ ಹಾಕಿ ಬಂದೆ. ಇನ್ನೇನೂ ಇಲ್ಲ ಹೇಳೋಕೆ.

ಈಗ ನಾನು ಹೇಳೋ ಹಾಗೆ ಮಾಡಿ. ಬೆಳಿಗ್ಗೆಯೆಲ್ಲ ಕ್ರೇನಲ್ಲಿ ಜೋರಾಗಿ ಕೆಲಸ ಮಾಡಿಸಿ. ಊಟದ ಹೊತ್ತಿಗೆ ಸರಿಯಾಗಿ, ತೋಳನ್ನ ಪೂರ್ತಿ ಚಾಚಿ, ತುದಿಗೆ ಒಂದು ರಿಂಗು ಕಟ್ಟಿ ನೆಲದಿಂದ ಗೇಣು ಮೇಲೆ ನಿಲ್ಲಿಸಿ ಎಂಜಿನ್ ಆಫ್ ಮಾಡಿಸಿ. ಗೇಣಿಗಿಂತ ಮೇಲೆ ಬೇಡ, ಸುತ್ತ ಯಾರನ್ನೂ ಬಿಡಬೇಡಿ. ಪಕ್ಕದ ಕಂಬದ ಮೇಲೆ ರಿಂಗಿನ ಅಂಚಿಗೆ ಸರಿಯಾಗಿ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಊಟ ಮಾಡಿ ಬಂದು ನೋಡಿ. ಗೆರೆ ಹತ್ರಾನೇ ಇದ್ರೆ ಸರಿ. ಬೆರಳಷ್ಟು ಇಳಿದಿದ್ರೂ ತೋಳನ್ನ ಎತ್ತಿ ಹಿಡಿಯೋ ಎಣ್ಣೆ ಒಳಗೆ ನಿಲ್ತಿಲ್ಲ, ತೋಳು ಸತ್ತಿದೆ ಅಂತ ಅರ್ಥ. ಮೇಸ್ತ್ರಿಗೆ ಗೊತ್ತಾಗಬಾರದು. ಊಟಕ್ಕೆ ಅವಸರ ಅನ್ನೋ ಹಾಗೆ ಎದ್ದು ಹೋಗಿ.

ತಮ್ಮ


ಜುಲೈ 5

ಪ್ರೀತಿಯ ಭಾವಮೈದನಿಗೆ,

ನಿಮ್ಮಕ್ಕ ಬರೆಯಲ್ಲ ಅಂದಳು, ಅದಕ್ಕೆ ನಾನು ಬರೀತಿದೀನಿ. ನನ್ನ ಅಕ್ಷರ ಸಹಿಸ್ಕೋ.

ನೀನು ಹೇಳಿದ ಹಾಗೇ ಮಾಡಿದ್ವಿ. ನಾನು ಆಕಳಿಸಿ, ಹೊಟ್ಟೆ ಸವರ್ಕೊಂಡು, ಊಟಕ್ಕೆ ಅವಸರ ಅಂತ ಭಾರೀ ನಾಟಕ ಮಾಡ್ದೆ. ನಿಮ್ಮಕ್ಕ "ಅಷ್ಟು ಸಾಕು, ಅನುಮಾನ ಬರುತ್ತೆ" ಅಂದಳು. ಊಟ ಮಾಡ್ದೆ ಅನ್ನೋದು ಹೆಸರಿಗೆ, ಕಿಟಕಿಯಿಂದ ಆ ಕಂಬದ ಕಡೆಗೇ ನೋಡ್ತಾ ಕೂತಿದ್ದೆ. ಬಂದು ನೋಡಿದ್ರೆ ರಿಂಗು ಗೆರೆಯಿಂದ ನಾಲ್ಕು ಬೆರಳು ಕೆಳಗೆ. ನಾಲ್ಕು ಬೆರಳು ಕಣಯ್ಯಾ. ನೀನು ಬೆರಳಷ್ಟು ಇಳಿದ್ರೂ ಸತ್ತಿದೆ ಅಂದಿದ್ದೆ.

ನಂಗೆ ತಡ್ಕೊಳ್ಳೋಕಾಗ್ಲಿಲ್ಲ. ಕೆಲಸದೋರೆಲ್ಲ ಇದ್ರು, ಅವರ ಎದುರಿಗೇ ಹೇಳಿಬಿಟ್ಟೆ. ಗೆರೆ ತೋರಿಸಿ, "ಏನ್ರೀ ಇದು, ಹೆಂಗಸು ಯಾರ್ಡ್ ನೋಡ್ಕೊಳ್ತಾಳೆ ಅಂತ ಸತ್ತ ಮಾಲು ಕಟ್ಟೋಕೆ ಬಂದ್ರಾ?" ಅಂದೆ. ಮೇಸ್ತ್ರಿ ಗೆರೆ ನೋಡಿದ್ರು, ನನ್ನ ನೋಡಿದ್ರು. "ಈ ಗೆರೆ ಹಾಕೋ ಯೋಚನೆ ಯಾರದ್ದು?" ಅಂದ್ರು. ನಾನು ನಿನ್ನ ಹೆಸರು ಹೇಳ್ದೆ. ಅವರು ಅಷ್ಟಕ್ಕೇ ರಿಂಗು ಇಳಿಸಿ, ತೋಳು ಮಡಚಿ, ಕಾಲು ಎತ್ತಿ, ಹೊರಟುಹೋದ್ರು. ಗೇಟು ದಾಟೋವಾಗ ಲಾರಿಯ ಎಡಗಡೆ ಕನ್ನಡಿ ಕಂಬಕ್ಕೆ ತಾಗಿ ಮುರೀತು. ಇಳಿದೂ ನೋಡ್ಲಿಲ್ಲ.

ನಿನ್ನ ಮಾತು ನಿಜ ಆಯ್ತು. ನಮ್ಮನ್ನ ಉಳಿಸಿದೆ. ಆದ್ರೂ ಆವತ್ತಿಂದ ನಿಮ್ಮಕ್ಕ ನನ್ನ ಹತ್ರ ಮಾತಾಡ್ತಿಲ್ಲ. ನಾನು ಬೈದಿದ್ದು ತಪ್ಪೋ, ಕೂಗಿದ್ದು ತಪ್ಪೋ ಗೊತ್ತಾಗ್ತಿಲ್ಲ. ನಿಂಗೆ ಗೊತ್ತಾದ್ರೆ ಬರಿ.

ಭಾವ


ಜುಲೈ 14

ಅಕ್ಕಾ,

ಈ ಕಾಗದ ಪೂರ್ತಿ ಓದು, ಮಧ್ಯದಲ್ಲಿ ಬಿಸಾಡಬೇಡ.

ಭಾವನ ಕಾಗದ ಬಂದ ದಿನ ನಾನು ಕ್ಯಾಂಟೀನಲ್ಲಿ ಎಲ್ಲರಿಗೂ ಓದಿ ಹೇಳ್ದೆ. ದೊಡ್ಡ ಪತ್ತೇದಾರನ ಹಾಗೆ. ಕೂತಲ್ಲೇ ಕೂತು ಕಳ್ಳನ್ನ ಹಿಡಿದೆ ಅಂತ. ರಿಪೇರಿ ಮಾಡೋ ಮೆಕ್ಯಾನಿಕ್ ತಾತ ಟೀ ಕುಡೀತಾ ಕೇಳ್ತಿದ್ದ. "ನಿನ್ನ ಕ್ರೇನಿಗೆ ಮಾಡಿ ನೋಡಿದ್ಯಾ?" ಅಂದ. ಮಾಡಿರ್ಲಿಲ್ಲ. ಮಾರನೇ ದಿನ ಮಾಡ್ದೆ. ಅಕ್ಕಾ, ನಂದೂ ಇಳೀತು. ಈ ವರ್ಷ ತಾನೇ ಬಂದ ಹೊಸ ಕ್ರೇನು.

ನಂಗೆ ಮೊದಲು ಬಂದ ಯೋಚನೆ ಏನು ಗೊತ್ತಾ? ಕಂಪನಿಯೋರು ನಂಗೂ ಕೆಟ್ಟ ಕ್ರೇನ್ ಕೊಟ್ಟಿದಾರೆ ಅಂತ. ತಾತ ಬಿದ್ದು ಬಿದ್ದು ನಕ್ಕ. ಬೆಳಿಗ್ಗೆಯೆಲ್ಲ ದುಡಿದ ಎಣ್ಣೆ ಕಾದು ಉಬ್ಬಿರುತ್ತಂತೆ. ನಿಲ್ಲಿಸಿ ಆರೋಕೆ ಬಿಟ್ರೆ ಕುಗ್ಗುತ್ತೆ, ತೋಳು ಎತ್ತೋ ಸಿಲಿಂಡರ್ ಕೂದಲೆಳೆಯಷ್ಟು ಒಳಗೆ ಸರಿಯುತ್ತೆ. ಅಷ್ಟು ಉದ್ದದ ತೋಳಿನ ತುದಿಗೆ ಬರೋ ಹೊತ್ತಿಗೆ ಅದೇ ನಾಲ್ಕು ಬೆರಳಾಗುತ್ತೆ. "ಕಾದ ಹಾಲು ಆರಿದ್ರೆ ಪಾತ್ರೆಯಲ್ಲಿ ಇಳಿಯಲ್ವಾ? ಹಾಲು ಕದ್ರು ಅಂತ ಪಕ್ಕದ ಮನೆಯೋರ ಮೇಲೆ ಹೋಗ್ತೀಯಾ?" ಅಂದ. ಎಣ್ಣೆ ತಣ್ಣಗಿದ್ದಾಗ, ಬೆಳಿಗ್ಗೆ ಮೊದಲಿಗೇ ನೋಡಬೇಕಂತೆ. ಆಗಲೂ ಇಳಿದ್ರೆ ಮಾತ್ರ ಕೆಟ್ಟಿದೆ. ನಾನು ಜೋರಾಗಿ ಕೆಲಸ ಮಾಡಿಸಿ ನೋಡಿ ಅಂದೆ. ಸರಿಯಾಗಿ ಉಲ್ಟಾ.

ಎಣ್ಣೆ ವಿಷಯದಲ್ಲಿ ನಾನು ದಡ್ಡ. ಭಾವನಿಗೆ ಹೇಳು, ಅವರದ್ದೇನೂ ತಪ್ಪಿಲ್ಲ.

ಆದ್ರೂ ಅಕ್ಕಾ, ಒಂದು ಕೇಳ್ತೀನಿ. ತೋಳು ಸರಿಯಿದ್ರೆ ಅಲ್ಲೇ ಹೇಳಬಹುದಿತ್ತಲ್ಲ, ಎಣ್ಣೆ ಆರಿದೆ ಕಣಪ್ಪಾ ಅಂತ. ಅವನಿಗೆ ಗೊತ್ತಿಲ್ದೇ ಇರುತ್ತಾ? ಗೊತ್ತಿದ್ದೂ ಯಾಕೆ ಸುಮ್ಮನೆ ಹೋದ? ಬಣ್ಣ ಯಾಕೆ ಬಳಿದ? ನಂಗೆ ಸಮಾಧಾನ ಆಗ್ತಿಲ್ಲ.

ತಮ್ಮ


ಜುಲೈ 20

ತಮ್ಮ,

ನಿನ್ನ ಕಾಗದ ಬರೋಕೆ ಮುಂಚೇನೇ ನಾನು ಮೇಸ್ತ್ರಿಯವರ ಮನೆಗೆ ಹೋಗಿಬಂದೆ. ಒಬ್ಬಳೇ ಹೋದೆ. ನಿಮ್ಮ ಭಾವ ಕನ್ನಡಿ ಹೊಸದು ಕೊಂಡು ಕಾಗದದಲ್ಲಿ ಸುತ್ತಿ ಕೊಟ್ರು, ತಾವು ಬರೋಕೆ ಮಾತ್ರ ಧೈರ್ಯ ಇಲ್ಲ.

ಎರಡು ಕೋಣೆ ಮನೆ. ಲಾರಿ ಎದುರಿಗೇ ನಿಂತಿತ್ತು. ಮೇಸ್ತ್ರಿ ನನ್ನ ಕೂರಿಸಿ, ಬೆಳಗಿನ ತಣ್ಣಗಿರೋ ಲಾರಿನೇ ಶುರು ಮಾಡಿ ತೋಳು ಚಾಚಿ ಒಂದು ಕಲ್ಲು ಕಟ್ಟಿ ನಿಲ್ಲಿಸಿದ್ರು. ನಾವು ಟೀ ಕುಡಿದು, ಅವರ ಹೆಂಡತಿ ಹೊಲಿಗೆ ಎಲ್ಲ ತೋರಿಸಿ, ಬಿಸಿಲು ಮೆಟ್ಟಿಲ ಮೇಲೆ ಬರೋ ತನಕ ಅದು ಹಾಗೇ ಇತ್ತು. ಒಂದು ಕೂದಲೂ ಇಳೀಲಿಲ್ಲ. ನಿಮ್ಮ ತಾತ ಹೇಳಿದ್ದು ಸರಿ.

ಆದ್ರೆ ನಾನು ಬರೀಬೇಕಾಗಿರೋದು ಅದಲ್ಲ. ಟೀ ಹೊತ್ತಲ್ಲಿ ಮೇಸ್ತ್ರಿಯವರಿಗೆ ಲೋಟ ಕೊಟ್ಟೆ. ಕೈ ಲೋಟದ ಪಕ್ಕಕ್ಕೆ ಹೋಯ್ತು. ಎರಡನೇ ಸಲವೂ ಹಾಗೇ. ಆಗ ಅವರ ಹೆಂಡತಿ ನನ್ನ ಕಡೆ ನೋಡಿ, ಅವರ ಕಡೆ ನೋಡಿ, "ಹೇಳಿಬಿಡಿ, ಇನ್ನು ಮುಚ್ಚಿಟ್ಟು ಏನಾಗಬೇಕು" ಅಂದ್ರು. ಅವರು ಎದ್ದು ಆಚೆ ಹೋದ್ರು. ಆಕೆ ಹೇಳಿದ್ರು. ಎಡಗಣ್ಣು ಕಾಣಲ್ಲ. ನಾಲ್ಕು ವರ್ಷ ಆಯ್ತು, ನೀನು ಸೇರೋಕೆ ಮುಂಚೇನೇ. ಒಂದೇ ಕಣ್ಣಲ್ಲಿ ವಸ್ತು ಕಾಣುತ್ತಂತೆ, ಎಷ್ಟು ದೂರ ಇದೆ ಅನ್ನೋದು ಸರಿಯಾಗಿ ತಿಳಿಯಲ್ಲವಂತೆ. ಹೊಸ ಬಣ್ಣ ಬಳಿದಿರೋದು ಮೊಣಕೈ ಗೋಡೆಗಳಿಗೆ ತಾಗಿ ಆದ ಗೀರು ಮುಚ್ಚೋಕೆ. ನೀನು ಬಿಟ್ಟು ಹೋದ ಮೇಲೆ ಆದ ಗೀರು. ಬೇರೆ ಹುಡುಗರನ್ನ ಇಟ್ಕೊಂಡ್ರು, ಯಾರೂ ಸರಿಯಾಗಿ ಹೇಳ್ತಿರ್ಲಿಲ್ಲವಂತೆ.

"ನಿಮ್ಮ ತಮ್ಮನ ಕಣ್ಣಲ್ಲೇ ಎರಡು ವರ್ಷ ಕೆಲಸ ಮಾಡಿದ್ರು" ಅಂದ್ರು ಆಕೆ.

ನಂಗೆ ಒಳ್ಳೆ ಮಾತು ಕೇಳಿದ ಹಾಗಾಯ್ತು. ಬೀದಿ ತಿರುವಲ್ಲಿ ಲಾರಿ ಕಡೆ ತಿರುಗಿ ನೋಡಿದಾಗ ಹೊಳೀತು. ನೀನು ಲೋಡ್ ಪಕ್ಕ ನಿಂತಿದ್ದೆ.

ಲಾರಿ ಸರಿಯಾಗಿದೆ. ನಂಗೆ ಅದು ಬೇಕೇ ಬೇಕು. ಆದ್ರೆ ಆ ಮನುಷ್ಯನ ಕೈಯಿಂದ ತಗೋಬೇಕೋ ಬೇಡವೋ ಅನ್ನೋದನ್ನ ನೀನು ಹೇಳು. ನಾನು ನಿರ್ಧಾರ ಮಾಡಲ್ಲ. ಅವತ್ತು ಅಲ್ಲಿ ನಿಂತಿದ್ದು ನಾನಲ್ಲ.

ಅಕ್ಕ


ಜುಲೈ 26

ಮೇಸ್ತ್ರಿ ಅವರಿಗೆ,

ನಿಮ್ಮ ಲಾರಿ ಬಗ್ಗೆ ನಮ್ಮ ಭಾವ ಆಡಿದ ಮಾತಿಗೆ ನಾನು ಕಾರಣ. ಎಣ್ಣೆ ಆರಿದ್ರೆ ತೋಳು ಇಳಿಯುತ್ತೆ ಅಂತ ನಂಗೆ ಗೊತ್ತಿರಲಿಲ್ಲ. ತಪ್ಪಾಯ್ತು. ನನ್ನ ಕಡೆಯದು ಅಲ್ಲಿಗೆ ಮುಗೀತು.

ಈಗ ನಿಮ್ಮದು. ರಿಂಗಿಗೂ ಗೋಡೆಗೂ ನಡುವೆ ನಿಂತು ನಾನು ಅಳತೆ ಕೂಗ್ತಿದ್ದೆ. ನೀವು ನೋಡ್ತಿದೀರಿ ಅಂದ್ಕೊಂಡೇ ನಿಂತಿದ್ದೆ. ಆ ಗೋದಾಮಿನ ಹಿಂದೆ ಒಂದು ಸಲ ರಿಂಗು ನನ್ನ ಎದೆಗೆ ಒತ್ತಿ, ಬೆನ್ನು ಗೋಡೆಗೆ ಉಜ್ಜಿ ಶರ್ಟು ಹರೀತು. "ನೆಟ್ಟಗೆ ನಿಲ್ಲೋಕೆ ಬರಲ್ವಾ" ಅಂತ ನೀವು ನನ್ನನ್ನೇ ಬೈದ್ರಿ. ನಾನು ನನ್ನದೇ ತಪ್ಪು ಅಂದ್ಕೊಂಡೆ. ಎಷ್ಟೋ ದಿನ ಹಾಗೇ ಅಂದ್ಕೊಂಡಿದ್ದೆ.

ಆವತ್ತು ನಿಮಗೆ ಕಾಣ್ತಿತ್ತಾ, ಇಲ್ವಾ? ಸುತ್ತಿ ಬಳಸಿ ಬರೀಬೇಡಿ.

ಇಂತಿ, ಬೆಲ್ಟು ಕಟ್ಟುತ್ತಿದ್ದವನು


ಆಗಸ್ಟ್ 2

ಕಾಣ್ತಿರಲಿಲ್ಲ.

ಆವತ್ತು ಮನೆಗೆ ಬಂದು ಊಟ ಬಿಟ್ಟೆ. ಬೆಳಿಗ್ಗೆ ಎದ್ದು ನಿನಗೆ ಹೇಳಬೇಕು ಅಂದ್ಕೊಂಡೆ. ಬೆಳಿಗ್ಗೆ ನೀನು ಬೇರೆ ಶರ್ಟು ಹಾಕ್ಕೊಂಡು ಬಂದು, ನಾನು ಹೇಳೋ ಮೊದಲೇ ಅದೇ ಜಾಗದಲ್ಲಿ ಹೋಗಿ ನಿಂತೆ. ಬಾಯಿ ಬರಲಿಲ್ಲ. ಆಮೇಲೆ ಯಾವತ್ತೂ ಬರಲಿಲ್ಲ.

ಪೆಟ್ಟಿಗೆ ಕೊಟ್ಟಿದ್ದರೆ ಒಂದು ವಾರದಲ್ಲಿ ನೀನು ನನಗಿಂತ ಚೆನ್ನಾಗಿ ಮಾಡ್ತಿದ್ದೆ. ಈ ಕ್ರೇನಿಗೆ ಒಬ್ಬನೇ ಸಾಕು. ಆ ಒಬ್ಬ ನಾನಾಗಿರೋದಿಲ್ಲ ಅಂತ ಗೊತ್ತಿತ್ತು. ಅದಕ್ಕೆ ಕೊಡಲಿಲ್ಲ.

ನಿಮ್ಮ ಭಾವ ಬೈದಾಗ ಎಣ್ಣೆ ವಿಷಯ ಹೇಳಬಹುದಿತ್ತು. ಹೇಳಿದ್ದರೆ ಮುಂದಿನ ಪ್ರಶ್ನೆ, ಹಾಗಾದ್ರೆ ಯಾಕೆ ಮಾರ್ತೀಯ ಅಂತ ಬರ್ತಿತ್ತು.

ನಿಮ್ಮಕ್ಕನಿಗೇ ಯಾಕೆ ಅಂತ ನಿನಗೆ ಅನುಮಾನ ಇದೆ ಅಂತ ಅವರೇ ಹೇಳಿದ್ರು. ಬೇರೆಯವರಿಗೆ ಕೊಟ್ರೆ ಯಾರ ಕೈಗೆ ಹೋಗುತ್ತೋ. ಅಲ್ಲಿಗೆ ಕೊಟ್ರೆ ನೀನು ಬರ್ತೀಯ ಅನ್ನಿಸ್ತು. ಬೇಡ ಅಂದ್ರೆ ಬೇಡ.

ಪೆಟ್ಟಿಗೆಯಲ್ಲಿ ಎಡಗಡೆಯಿಂದ ಎರಡನೇ ಲಿವರ್ ಸ್ವಲ್ಪ ಎಳೆಯುತ್ತೆ. ಬಿಗಿಯಾಗಿ ಹಿಡೀಬೇಡ. ಬೆಲ್ಟು ಕಟ್ಟೋಕೆ ಯಾರೂ ಸಿಗದಿದ್ರೆ ನಾನು ಬರ್ತೀನಿ.

ಮೇಸ್ತ್ರಿ


ಆಗಸ್ಟ್ 8

ಮೇಸ್ತ್ರಿ ಅವರಿಗೆ,

ಇಲ್ಲಿ ಕೆಲಸ ಬಿಡ್ತಿದೀನಿ ಅಂತ ಫೋರ್‌ಮನ್‌ಗೆ ಹೇಳ್ದೆ. ಈ ಸಲ ಹೇಳಿ ಬಿಡ್ತಿದೀನಿ. ಭಾನುವಾರ ಬಂದು ಲಾರಿ ತಗೊಂಡು ಹೋಗ್ತೀನಿ, ಅಕ್ಕನಿಗೂ ಬರೆದಿದೀನಿ. ಸೋಮವಾರ ಗುತ್ತಿಗೆದಾರ ಓಣಿಗೆ ಬಂದು ನೋಡ್ತಾನಂತೆ.

ನೀವು ಬರೆದದ್ದೆಲ್ಲ ನಂಬಿದೆ ಅಂತ ತಿಳ್ಕೋಬೇಡಿ. ಎಡಗಣ್ಣು ಮಾತ್ರನೋ, ಬಲಗಣ್ಣೂ ಮಂಜಾಗ್ತಿದೆಯೋ ನಂಗೇನು ಗೊತ್ತು? ಬೆಲ್ಟು ಮುಟ್ಟೋಕೆ ಮುಂಚೆ ಅಕ್ಕನ ಜೊತೆ ಕಣ್ಣಿನ ಡಾಕ್ಟರ ಹತ್ರ ಹೋಗಿ. ಅವರು ಹೇಳಿದ್ದನ್ನ ಅಕ್ಕನ ಬಾಯಿಂದ ಕೇಳ್ತೀನಿ, ನಿಮ್ಮ ಬಾಯಿಂದ ಅಲ್ಲ. ಆಗಲ್ಲ ಅಂದ್ರೆ ಮನೆಯಲ್ಲೇ ಇರಿ, ನಂಗೆ ಬೇಜಾರಿಲ್ಲ.

ಬರೋದಾದ್ರೆ ಎಲ್ಲಿ ನಿಲ್ಲಬೇಕು ಅಂತ ನಾನು ಹೇಳ್ತೀನಿ. ಲೋಡಿಗೂ ಗೋಡೆಗೂ ನಡುವೆ ಯಾರೂ ನಿಲ್ಲಂಗಿಲ್ಲ. ಬೆಲ್ಟು ಕಟ್ಟಿದ ಮೇಲೆ ಪೂರ್ತಿ ಆಚೆ ಬನ್ನಿ. ನಾನು ಪೆಟ್ಟಿಗೆ ಹಿಡಿದು ನಿಮ್ಮ ಬಲಗಡೆ ನಿಂತಿರ್ತೀನಿ. ನೀವು ತಿರುಗಿ ನನ್ನನ್ನ ನೋಡೋ ತನಕ ಲೋಡ್ ಎತ್ತಲ್ಲ.

ಇಂತಿ,
ಕ್ರೇನ್ ಓಡಿಸುವವನು